ಟ್ಯಾಗ್ ಮುಚ್ಚಿತು, ಕರ್ಸರ್ ಎಲ್ಲಿ ನಿಂತಿತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ವೆಬ್ ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್ ಬರೆಯುವಾಗ ಎಡಿಟರ್ (ಕೋಡ್ ಬರೆಯುವ ತಂತ್ರಾಂಶ) ತಾನಾಗಿ ಸೇರಿಸುವ ಮುಚ್ಚುವ ಟ್ಯಾಗ್, ಅಂದರೆ ಪುಟದ ಒಂದು ಭಾಗ ಅಲ್ಲಿಗೆ ಮುಗಿಯಿತು ಎಂದು ಹೇಳುವ ಗುರುತು, ಮತ್ತು ಆಗ ಕರ್ಸರ್ ಹೋಗಿ ನಿಲ್ಲುವ ಜಾಗ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಓದಲು ಸುಲಭವಾಗಲೆಂದು ಟ್ಯಾಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಕರ್ಸರ್ ಇರುವ ಜಾಗಕ್ಕೆ | ಗೆರೆ ಹಾಕಿದ್ದೇನೆ.

ಪ್ರಶ್ನೆ: ಎಚ್‌ಟಿಎಂಎಲ್ ಕಲಿಯಲು ಶುರುಮಾಡಿ ಮೂರು ತಿಂಗಳಾಯಿತು. ವಿಎಸ್ ಕೋಡ್ ಎಂಬ ಎಡಿಟರ್ ಬಳಸುತ್ತೇನೆ. ಡಿವ್ (ಪುಟದ ಒಂದು ಭಾಗವನ್ನು ಒಟ್ಟಿಗೆ ಹಿಡಿದಿಡುವ ಟ್ಯಾಗ್) ಬರೆದು > ಒತ್ತಿದ ಕೂಡಲೇ ಮುಚ್ಚುವ ಟ್ಯಾಗ್ ತಾನೇ ಬಂದು ಕೂರುತ್ತದೆ. ನನ್ನ ಕಣ್ಣು ಕೀಬೋರ್ಡಿನ ಮೇಲೆ ಇರುವುದರಿಂದ ಅದು ಗೊತ್ತಾಗದೆ ನಾನೂ ಒಂದು ಟೈಪ್ ಮಾಡಿಬಿಡುತ್ತೇನೆ. ಎರಡೆರಡು ಆಗುತ್ತವೆ. ನಿನ್ನೆ ಪುಟದ ಕೆಳಗಿನ ಪಟ್ಟಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದುಹೋಯಿತು. ಈ ಸೌಲಭ್ಯವನ್ನೇ ಆಫ್ ಮಾಡಿಬಿಡಲೇ?

ಉತ್ತರ: ಆಫ್ ಮಾಡಬೇಡಿ. ಎಡವಟ್ಟು ಎಲ್ಲಿ ಆಗುತ್ತಿದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಿದರೆ ಕೈ ತಾನಾಗಿ ತಿದ್ದಿಕೊಳ್ಳುತ್ತದೆ. ನೀವು > ಒತ್ತಿದ ಮೇಲೆ ಪರದೆಯಲ್ಲಿ ಇರುವುದು ಇಷ್ಟು:

<ಡಿವ್>|</ಡಿವ್>

ಟ್ಯಾಗ್ ಮುಚ್ಚಿಕೊಂಡಿದೆ, ಕರ್ಸರ್ ಮಾತ್ರ ಒಳಗೇ ನಿಂತಿದೆ. ಇದು ನಾಲ್ಕಾರು ಅಕ್ಷರದ ಟೈಪಿಂಗ್ ಉಳಿಸುವ ಉಪಾಯ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸಣ್ಣ ಲಾಭ. ದೊಡ್ಡ ಲಾಭ ಇರುವುದು ಕರ್ಸರ್ ನಿಂತ ಜಾಗದಲ್ಲಿ. ಡಿವ್ ತೆರೆದವರ ಮನಸ್ಸಿನಲ್ಲಿ ಇರುವುದು ಅದರೊಳಗೆ ಬರೆಯಬೇಕಾದ ಮಾತು. ಎಡಿಟರ್ ಆ ಮಾತಿಗೆ ಜಾಗ ಮಾಡಿಕೊಟ್ಟು, ಮುಚ್ಚುವ ಚಿಂತೆಯನ್ನು ತಾನು ಹೊತ್ತುಕೊಂಡಿದೆ. ಅಲ್ಲಿಯೇ ಎಂಟರ್ ಒತ್ತಿ ನೋಡಿ:

<ಡಿವ್>
    |
</ಡಿವ್>

ಮುಚ್ಚುವ ಟ್ಯಾಗ್ ಒಂದು ಸಾಲು ಕೆಳಗಿಳಿದು ತೆರೆದ ಟ್ಯಾಗಿನ ನೇರಕ್ಕೆ ನಿಂತಿತು. ಕರ್ಸರ್ ನಡುವಿನ ಸಾಲಿನಲ್ಲಿ ಒಂದು ಹೆಜ್ಜೆ ಒಳಸರಿದು ನಿಂತಿತು. ಒಂದೇ ಎಂಟರ್‌ಗೆ ಇಷ್ಟೂ ಆಗುತ್ತದೆ.

ಈಗ ನಿಮ್ಮ ತೊಂದರೆಗೆ ಬರುತ್ತೇನೆ. ಉದ್ಧರಣ ಚಿಹ್ನೆ ಮತ್ತು ಆವರಣ ಚಿಹ್ನೆಗಳ ವಿಷಯದಲ್ಲಿ ಎಡಿಟರ್ ಒಂದು ಉಪಕಾರ ಮಾಡುತ್ತದೆ. ಅದು ತಾನೇ ಹಾಕಿದ ಮುಚ್ಚುವ ಚಿಹ್ನೆಯನ್ನು ನೀವೂ ಒತ್ತಿದರೆ ಎರಡನೆಯದನ್ನು ಸೇರಿಸುವುದಿಲ್ಲ, ಇರುವುದರ ಮೇಲೆಯೇ ಕರ್ಸರನ್ನು ದಾಟಿಸುತ್ತದೆ. ಹಾಗಾಗಿ ಅಲ್ಲಿ ಹಳೆಯ ಅಭ್ಯಾಸದಂತೆ ಟೈಪ್ ಮಾಡಿದರೂ ನಡೆಯುತ್ತದೆ. ಟ್ಯಾಗ್‌ಗಳಿಗೆ ಈ ರಿಯಾಯಿತಿ ಇಲ್ಲ. </ಡಿವ್> ಎಂದು ನೀವು ಟೈಪ್ ಮಾಡಿದರೆ ಅದು ಹೊಸದಾಗಿಯೇ ಸೇರುತ್ತದೆ. ಒಂದೇ ಎಡಿಟರ್‌ನಲ್ಲಿ ಎರಡು ನಡವಳಿಕೆ ಇರುವುದರಿಂದ ಕೈ ಗೊಂದಲಕ್ಕೆ ಬೀಳುತ್ತದೆ. ನಿಮ್ಮದು ಅಜಾಗ್ರತೆ ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಒಳಗಿನ ಮಾತು ಬರೆದು ಮುಗಿದ ಮೇಲೆ ಹೊರಬರುವುದು ಹೇಗೆ? ಬಾಣದ ಕೀಲಿಯನ್ನು ಆರು ಸಲ ಒತ್ತುತ್ತಾ ಕೂರಬೇಡಿ. ಎಂಡ್ ಕೀಲಿ ಒತ್ತಿದರೆ ಸಾಲಿನ ತುದಿಗೆ, ಅಂದರೆ ಮುಚ್ಚುವ ಟ್ಯಾಗಿನ ಆಚೆಗೆ ಬರುತ್ತೀರಿ. ಅದಕ್ಕಿಂತ ನನಗೆ ಇಷ್ಟವಾದದ್ದು ಕಂಟ್ರೋಲ್ ಹಿಡಿದು ಎಂಟರ್. ಕರ್ಸರ್ ಸಾಲಿನ ನಟ್ಟನಡುವೆ ಇದ್ದರೂ ಸಾಲು ತುಂಡಾಗುವುದಿಲ್ಲ, ಕೆಳಗೊಂದು ಹೊಸ ಸಾಲು ಹುಟ್ಟಿ ಕರ್ಸರ್ ಅಲ್ಲಿಗೆ ಇಳಿಯುತ್ತದೆ. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಎಂಟರ್. ಬೇರೆ ಎಡಿಟರ್‌ಗಳ ಪೈಕಿ ಸಬ್ಲೈಮ್ ಟೆಕ್ಸ್ಟ್‌ನಲ್ಲೂ ಇದೇ ಜೋಡಿ, ವೆಬ್‌ಸ್ಟಾರ್ಮ್‌ನಲ್ಲಿ ಶಿಫ್ಟ್ ಮತ್ತು ಎಂಟರ್. ಪಟ್ಟಿಯಲ್ಲಿ ಸಾಲುಸಾಲಾಗಿ ಅಂಶಗಳನ್ನು ಬರೆಯುವಾಗ ಇದೊಂದು ಕೈಗೆ ಕುದುರಿದರೆ ಅರ್ಧ ಕಿರಿಕಿರಿ ಕಡಿಮೆಯಾಗುತ್ತದೆ. ಒಂದು ವಾರ ಹಟ ಹಿಡಿದು ಅಭ್ಯಾಸ ಮಾಡಿ.

ಕೆಳಗಿನ ಪಟ್ಟಿ ಪಕ್ಕಕ್ಕೆ ಸರಿದದ್ದು ಯಾಕೆ ಎಂದೂ ಹೇಳಬೇಕು, ಯಾಕೆಂದರೆ ಇದೇ ತಪ್ಪಿಗೆ ನಾನು ಒಂದು ಇಡೀ ರಾತ್ರಿ ಕೊಟ್ಟಿದ್ದೇನೆ. ಮೂರು ಅಂಕಣದ ಪುಟ. ಕೆಳಪಟ್ಟಿ ಮೇಲೆದ್ದು ಮೂರನೆಯ ಅಂಕಣದ ಪಕ್ಕಕ್ಕೆ ಬಂದು ಕೂತಿತ್ತು. ತಪ್ಪು ಪುಟದ ರೂಪ, ಅಳತೆ ಹೇಳುವ ಸಿಎಸ್ಎಸ್‌ನಲ್ಲಿ ಇದೆ ಎಂದುಕೊಂಡು ಅಗಲ ಬದಲಿಸಿದೆ, ಅಂಚು ಬದಲಿಸಿದೆ, ಒಂದೊಂದೇ ನಿಯಮ ಅಳಿಸಿ ನೋಡಿದೆ. ಕೊನೆಗೆ ಕಡತವನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಎಣಿಸಿದಾಗ ತೆರೆದ ಡಿವ್ 23, ಮುಚ್ಚಿದ ಡಿವ್ 24. ಒಂದು ಹೆಚ್ಚಾಗಿತ್ತು.

ಒಂದು ಹೆಚ್ಚಾದರೆ ಏನಾಗುತ್ತದೆ? ಬ್ರೌಸರ್‌ಗೆ ಯಾವ </ಡಿವ್> ಯಾರದ್ದು ಎಂದು ಗೊತ್ತಿಲ್ಲ. ಅದು ಎದುರಾದ ಕೂಡಲೇ ಆ ಹೊತ್ತಿಗೆ ತೆರೆದಿರುವ ತೀರಾ ಒಳಗಿನ ಡಿವ್ ಅನ್ನು ಮುಚ್ಚುತ್ತದೆ. ನಿಮ್ಮ ಸಣ್ಣ ಡಿವ್ ಮೊದಲನೆಯದರಿಂದ ಮುಚ್ಚಿಹೋಗಿದೆ. ಎರಡನೆಯದು ಅದನ್ನು ಹೊತ್ತ ದೊಡ್ಡ ಡಿವ್ ಅನ್ನು ಅವಧಿಗೆ ಮುನ್ನವೇ ಮುಚ್ಚಿಬಿಡುತ್ತದೆ. ಆಮೇಲೆ ಬಂದದ್ದೆಲ್ಲ ಮನೆಯ ಹೊರಗೆ. ಹೀಗೆ ಒಂದೊಂದು ಮಟ್ಟ ಜಾರುತ್ತಾ ಹೋಗಿ, ಪುಟದ ತುದಿಯಲ್ಲಿ ಇರುವ ಕೊನೆಯ </ಡಿವ್>ಗೆ ಮುಚ್ಚಲು ಏನೂ ಉಳಿದಿರುವುದಿಲ್ಲ. ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿಯ ತಪಾಸಣಾ ಸಾಧನಕ್ಕೆ ಕೊಟ್ಟರೆ ‘ಸ್ಟ್ರೇ ಎಂಡ್ ಟ್ಯಾಗ್’ (ಜೋಡಿಯಿಲ್ಲದ ಮುಚ್ಚುವ ಟ್ಯಾಗ್) ಎಂದು ಅದು ಬೊಟ್ಟು ಮಾಡುವುದು ಆ ಕೊನೆಯ ಸಾಲಿಗೆ. ನಿಜವಾದ ತಪ್ಪು ನೂರು ಸಾಲು ಮೇಲೆ ಇರುತ್ತದೆ. ಆದ್ದರಿಂದ ಆ ಸೂಚನೆ ಕಂಡಾಗ ಅದು ತೋರಿದ ಸಾಲನ್ನು ಅಳಿಸಿ ಸುಮ್ಮನಾಗಬೇಡಿ. ಅಳಿಸಿದರೆ ಸೂಚನೆ ಹೋಗುತ್ತದೆ, ಪಟ್ಟಿ ಪಕ್ಕದಲ್ಲೇ ಉಳಿಯುತ್ತದೆ.

ಹೆಚ್ಚುವರಿ </ಪಿ>ಯ ಕಥೆ ಬೇರೆ. ತೆರೆದ ಪಿ (ಪ್ಯಾರಾದ ಟ್ಯಾಗ್) ಇಲ್ಲದೆ ಮುಚ್ಚುವ ಪಿ ಬಂದರೆ ಬ್ರೌಸರ್ ಅದನ್ನು ಕಡೆಗಣಿಸುವುದಿಲ್ಲ, ಅಲ್ಲೊಂದು ಖಾಲಿ ಪ್ಯಾರಾ ಸೃಷ್ಟಿಸುತ್ತದೆ. ಪುಟದಲ್ಲಿ ಎಲ್ಲಿಂದಲೋ ಬಂದ ಖಾಲಿ ಅಂತರ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಪ್ರಶ್ನೆ: ನನ್ನದು ಉಲ್ಟಾ ತೊಂದರೆ. ಕೆಲವು ಸಲ ಮುಚ್ಚುವ ಟ್ಯಾಗ್ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಉತ್ತರ: ಎರಡು ಕಾರಣ ಇರಬಹುದು. ಹೊಸ ಕಡತ ತೆರೆದು ಹೆಸರು ಕೊಟ್ಟು ಉಳಿಸದೆಯೇ ಬರೆಯುತ್ತಿದ್ದರೆ ಅದು ಎಚ್‌ಟಿಎಂಎಲ್ ಎಂದು ಎಡಿಟರ್‌ಗೆ ತಿಳಿಯುವುದಿಲ್ಲ. ವಿಎಸ್ ಕೋಡ್‌ನ ಬಲಗಡೆ ಕೆಳಮೂಲೆಯಲ್ಲಿ ‘ಪ್ಲೇನ್ ಟೆಕ್ಸ್ಟ್’ ಎಂದಿದೆಯೇ ನೋಡಿ. ಇದ್ದರೆ ಅದರ ಮೇಲೆ ಕ್ಲಿಕ್ ಮಾಡಿ ಎಚ್‌ಟಿಎಂಎಲ್ ಆರಿಸಿ.

ಇನ್ನೊಂದು ಕಾರಣ ನಿಮ್ಮ ವೇಗ. ವಿಎಸ್ ಕೋಡ್ > ಬಿದ್ದ ಕೂಡಲೇ ಟ್ಯಾಗ್ ಸೇರಿಸುವುದಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾದು, ಕಡತವನ್ನು ಓದಿ, ಇದಕ್ಕೆ ಮುಚ್ಚುವ ಟ್ಯಾಗ್ ಬೇಕೇ ಎಂದು ನೋಡಿ, ಆಮೇಲೆ ಸೇರಿಸುತ್ತದೆ. ಆ ಗಳಿಗೆಯೊಳಗೆ ನೀವು ಮುಂದಿನ ಅಕ್ಷರ ಒತ್ತಿಬಿಟ್ಟರೆ ಅದು ಹಿಂದೆ ಸರಿಯುತ್ತದೆ. ಕೈ ಓಡುತ್ತಿರುವವರ ಸಾಲಿಗೆ ನಡುವೆ ಬಂದು ಏನನ್ನೋ ತುರುಕುವುದಕ್ಕಿಂತ ಇದೇ ವಾಸಿ. ಬರಲಿಲ್ಲವೆಂದಾದರೆ ಮಾತು ಮುಗಿದ ಮೇಲೆ </ ಒತ್ತಿ. ಉಳಿದದ್ದನ್ನು ಅದೇ ತುಂಬುತ್ತದೆ.

ಪ್ರಶ್ನೆ: ಹಳೆಯ ಪುಟಗಳನ್ನು ತಿದ್ದುವುದೇ ನನ್ನ ಕೆಲಸ. ಈಗಾಗಲೇ ಇರುವ ಹತ್ತು ಸಾಲಿನ ಸುತ್ತ ಒಂದು ಸೆಕ್ಷನ್ ಟ್ಯಾಗ್ ಹಾಕಬೇಕೆಂದರೆ, ಮೇಲೆ ಟ್ಯಾಗ್ ತೆರೆದ ತಕ್ಷಣ ಪಕ್ಕದಲ್ಲೇ ಮುಚ್ಚಿಕೊಳ್ಳುತ್ತದೆ. ಅದನ್ನು ಕತ್ತರಿಸಿ ಕೆಳಗೆ ಹೊತ್ತೊಯ್ದು ಅಂಟಿಸುವುದು ದಿನಕ್ಕೆ ಮೂವತ್ತು ಸಲ ನಡೆಯುತ್ತದೆ. ಪರಿಹಾರವಿದೆಯೇ?

ಉತ್ತರ: ಇದೆ, ಮತ್ತು ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ತಾನಾಗಿ ಮುಚ್ಚುವ ಈ ಪದ್ಧತಿ ಹೊಸದಾಗಿ ಬರೆಯುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದು. ತಿದ್ದುವವರಿಗೆ ಅದು ಅಡ್ಡಗಾಲು ಹಾಕುತ್ತದೆ.

ಮೊದಲು ತತ್‌ಕ್ಷಣದ ಉಪಾಯ. ಬೇಡದ ಮುಚ್ಚುವ ಟ್ಯಾಗ್ ಬಂದರೆ ಕಂಟ್ರೋಲ್ ಝಡ್ ಒಮ್ಮೆ ಒತ್ತಿ. ವಿಎಸ್ ಕೋಡ್‌ನಲ್ಲಿ ಎಡಿಟರ್ ಸೇರಿಸಿದ್ದು ಮಾತ್ರ ಹೋಗಿ ನೀವು ಟೈಪ್ ಮಾಡಿದ ತೆರೆದ ಟ್ಯಾಗ್ ಉಳಿಯುತ್ತದೆ. ಆಮೇಲೆ ಹತ್ತು ಸಾಲು ಕೆಳಗಿಳಿದು </ ಒತ್ತಿದರೆ ಆಯಿತು.

ಆದರೆ ದಿನಕ್ಕೆ ಮೂವತ್ತು ಸಲ ಎಂದಿದ್ದೀರಿ. ಅದಕ್ಕೆ ತಕ್ಕದ್ದು ಸುತ್ತುವ ಆಜ್ಞೆ. ಆ ಹತ್ತು ಸಾಲನ್ನು ಆಯ್ದುಕೊಳ್ಳಿ. ಎಫ್1 ಒತ್ತಿ, ಬಂದ ಪೆಟ್ಟಿಗೆಯಲ್ಲಿ ‘ರ‍್ಯಾಪ್ ವಿತ್ ಅಬ್ರೀವಿಯೇಷನ್’ ಎಂಬ ಎಮ್ಮೆಟ್ (ಸಂಕ್ಷೇಪದಿಂದ ಟ್ಯಾಗ್ ಹುಟ್ಟಿಸುವ ಸಾಧನ) ಆಜ್ಞೆಯನ್ನು ಹುಡುಕಿ, ಸೆಕ್ಷನ್ ಎಂದು ಬರೆದು ಎಂಟರ್ ಒತ್ತಿ. ತೆರೆಯುವುದು ಮೇಲೆ, ಮುಚ್ಚುವುದು ಕೆಳಗೆ, ಒಳಗಿನ ಸಾಲುಗಳೆಲ್ಲ ಒಂದು ಹೆಜ್ಜೆ ಒಳಗೆ. ಟೈಪ್ ಮಾಡುತ್ತಿರುವಾಗಲೇ ಫಲಿತಾಂಶ ಕಣ್ಣೆದುರು ಮೂಡುತ್ತದೆ. ಇದಕ್ಕೆ ಒಂದು ಶಾರ್ಟ್‌ಕಟ್ ಕೀಲಿಯನ್ನು ನೀವೇ ಕೊಟ್ಟುಕೊಳ್ಳಿ, ಇಲ್ಲದಿದ್ದರೆ ಎರಡನೇ ದಿನಕ್ಕೇ ಮರೆತುಹೋಗುತ್ತದೆ. ಸಬ್ಲೈಮ್ ಟೆಕ್ಸ್ಟ್ ಬಳಸುವವರಿಗೆ ವಿಂಡೋಸ್‌ನಲ್ಲಿ ಆಲ್ಟ್, ಶಿಫ್ಟ್, ಡಬ್ಲ್ಯೂ ಇದೇ ಕೆಲಸ ಮಾಡುತ್ತದೆ.

ಹಳೆಯ ಪುಟಗಳಲ್ಲಿ ಇನ್ನೊಂದು ಕೆಲಸ ಡಿವ್ ಅನ್ನು ಬೇರೆ ಟ್ಯಾಗ್ ಮಾಡುವುದು. ಮೇಲಿನದನ್ನು ಬದಲಿಸಿ ಕೆಳಗಿನದನ್ನು ಮರೆಯುವುದು ಎಲ್ಲರಿಗೂ ಆಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಎಡಿಟಿಂಗ್’ ಎಂದು ಹುಡುಕಿ ಆನ್ ಮಾಡಿ. ವಿಎಸ್ ಕೋಡ್‌ನಲ್ಲಿ ಅದು ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿದ ಮೇಲೆ ತೆರೆಯುವ ಟ್ಯಾಗಿನ ಹೆಸರಿನ ಮೇಲೆ ಕರ್ಸರ್ ಇಟ್ಟು ಒಂದೊಂದು ಅಕ್ಷರ ಬದಲಿಸಿದಂತೆ, ಇನ್ನೂರು ಸಾಲು ಕೆಳಗೆ ಇರುವ ಜೊತೆಗಾರನೂ ಬದಲಾಗುತ್ತದೆ. ವೆಬ್‌ಸ್ಟಾರ್ಮ್‌ನಲ್ಲೂ ಸ್ಮಾರ್ಟ್ ಕೀಸ್ ವಿಭಾಗದಲ್ಲಿ ಇಂಥದ್ದೇ ಆಯ್ಕೆ ಇದೆ. ಒಂದು ಎಚ್ಚರಿಕೆ: ಕಡತದಲ್ಲಿ ಟ್ಯಾಗ್‌ಗಳ ಲೆಕ್ಕ ಮೊದಲೇ ತಪ್ಪಿದ್ದರೆ ಜೊತೆಗಾರ ಎಂದು ಎಡಿಟರ್ ಹಿಡಿಯುವುದು ಬೇರೆ ಯಾರನ್ನೋ ಆಗಿರಬಹುದು. ಬದಲಿಸುವ ಮುಂಚೆ ಹೆಸರಿನ ಮೇಲೆ ಕರ್ಸರ್ ಇಟ್ಟು, ಕೆಳಗೆ ಯಾವುದು ಹೊಳೆಯುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

ಮುಚ್ಚುವ ಟ್ಯಾಗ್ ಯಾವಾಗ ಬರಬೇಕು ಎಂಬುದರಲ್ಲೇ ಎಡಿಟರ್ ಎಡಿಟರ್‌ಗೆ ವ್ಯತ್ಯಾಸವಿದೆ. ಡ್ರೀಮ್‌ವೀವರ್ ಇದನ್ನು ಬಳಸುವವರ ಕೈಗೇ ಬಿಟ್ಟಿದೆ: > ಒತ್ತಿದಾಗ, </ ಒತ್ತಿದಾಗ, ಅಥವಾ ಎಂದಿಗೂ ಬೇಡ. ಸಬ್ಲೈಮ್ ಟೆಕ್ಸ್ಟ್ </ ಒತ್ತುವ ತನಕ ಕಾಯುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಪ್ರಿಫರೆನ್ಸಸ್‌ನ ಆಟೋ ಕಂಪ್ಲೀಷನ್ ವಿಭಾಗಕ್ಕೆ ಹೋಗಿ ನೀವೇ ಗುರುತು ಹಾಕಬೇಕು. ತಿದ್ದುವ ಕೆಲಸವೇ ಮುಖ್ಯವಾದವರಿಗೆ </ ತನಕ ಕಾಯುವ ರೀತಿಯೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯಾಗ್ ಎಲ್ಲಿ ಮುಚ್ಚಬೇಕು ಎಂದು ಕೈ ತೋರಿಸಿದವರು ನೀವಾಗಿರುತ್ತೀರಿ. ಯಾವ ಹೆಸರು ಎಂದು ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ಎಡಿಟರ್‌ದು.

ಪ್ರಶ್ನೆ: ಬಿಆರ್ (ಸಾಲು ಮುರಿಯುವ ಟ್ಯಾಗ್), ಇಮೇಜ್ (ಚಿತ್ರದ img ಟ್ಯಾಗ್) ಇವಕ್ಕೆ ಎಡಿಟರ್ ಮುಚ್ಚುವ ಟ್ಯಾಗ್ ಹಾಕುವುದಿಲ್ಲ. ಕೆಲವರು ಕೊನೆಯಲ್ಲಿ ಒಂದು ಓರೆಗೆರೆ ಹಾಕುತ್ತಾರೆ. ಯಾವುದು ಸರಿ?

ಉತ್ತರ: ಎಚ್‌ಟಿಎಂಎಲ್‌ನಲ್ಲಿ ಒಳಗೆ ಏನನ್ನೂ ಇಟ್ಟುಕೊಳ್ಳಲಾರದ ಟ್ಯಾಗ್‌ಗಳು 13 ಇವೆ. ಬಿಆರ್, ಎಚ್‌ಆರ್, ಇಮೇಜ್, ಇನ್‌ಪುಟ್, ಲಿಂಕ್, ಮೆಟಾ ನಮಗೆ ದಿನನಿತ್ಯ ಸಿಗುವವು. ಒಳಗೇ ಇಲ್ಲದ ಮೇಲೆ ಮುಚ್ಚುವುದು ಏನನ್ನು? ಎಡಿಟರ್ ಬಳಿ ಈ ಪಟ್ಟಿ ಇರುತ್ತದೆ. ಹಾಗಾಗಿ ಇವುಗಳ > ಬಿದ್ದಾಗ ಅದು ಸುಮ್ಮನಿರುತ್ತದೆ, ಕರ್ಸರ್ ನೇರವಾಗಿ ಹೊರಗೆ ನಿಲ್ಲುತ್ತದೆ.

ಓರೆಗೆರೆ ಬಂದದ್ದು ಎಚ್‌ಟಿಎಂಎಲ್‌ನ ಬಿಗಿ ರೂಪವಾದ ಎಕ್ಸ್‌ಎಚ್‌ಟಿಎಂಎಲ್ ಕಾಲದಿಂದ. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ 1.0 ತೆರೆದದ್ದೆಲ್ಲ ಮುಚ್ಚಲೇಬೇಕು ಎಂದು ಪಟ್ಟು ಹಿಡಿಯಿತು. ಮುಚ್ಚಲು ಏನೂ ಇಲ್ಲದವು ಓರೆಗೆರೆ ಹಾಕಿಕೊಂಡು ಆ ನಿಯಮ ಪಾಲಿಸಿದವು. ಇವತ್ತಿನ ಎಚ್‌ಟಿಎಂಎಲ್‌ನಲ್ಲಿ ಈ 13ರ ಮೇಲೆ ಓರೆಗೆರೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಅಪಾಯ ಇರುವುದು ಬೇರೆ ಕಡೆ. ಜಾವಾಸ್ಕ್ರಿಪ್ಟ್ ಒಳಗೇ ಟ್ಯಾಗ್ ಬರೆಯುವ ರೀತಿಯಾದ ರಿಯಾಕ್ಟ್‌ನ ಜೆಎಸ್ಎಕ್ಸ್‌ನಲ್ಲಿ <ಡಿವ್ /> ಎಂದರೆ ಡಿವ್ ಅಲ್ಲಿಗೆ ಮುಗಿಯಿತು ಎಂದರ್ಥ. ಅದೇ ಕೈ ಅಭ್ಯಾಸದಲ್ಲಿ ಸಾದಾ ಎಚ್‌ಟಿಎಂಎಲ್ ಕಡತದಲ್ಲಿ ಹಾಗೆ ಬರೆದರೆ ಬ್ರೌಸರ್ ಓರೆಗೆರೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಡಿವ್ ತೆರೆದೇ ಉಳಿದು, ಮುಂದೆ ಬಂದದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ.

ಪಿ ಟ್ಯಾಗ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ವೆಬ್ ಸೃಷ್ಟಿಸಿದ ಟಿಮ್ ಬರ್ನರ್ಸ್ ಲೀ 1991ರಲ್ಲಿ ವಿವರಿಸಿದ ಮೊದಮೊದಲ ಟ್ಯಾಗ್‌ಗಳಲ್ಲಿ ಪಿ ಕೂಡ ಒಂದು. ಆಗ ಅದು ಎರಡು ಪ್ಯಾರಾಗಳ ನಡುವೆ ಹಾಕುವ ಗುರುತು, ಅದಕ್ಕೆ ಮುಚ್ಚುವ ಜೋಡಿ ಇರಲಿಲ್ಲ. ಆಮೇಲೆ ಅದು ಪ್ಯಾರಾವನ್ನು ಹೊತ್ತುಕೊಳ್ಳುವ ಪಾತ್ರೆಯಾಯಿತು. ಮುಚ್ಚದಿದ್ದರೂ ಬ್ರೌಸರ್ ಸಹಿಸಿಕೊಳ್ಳುವ ರೂಢಿ ಇವತ್ತಿಗೂ ಉಳಿದಿದೆ: ಪಿ ತೆರೆದಿರುವಾಗ ಡಿವ್ ಬಂದರೆ ಬ್ರೌಸರ್ ಪಿಯನ್ನು ತಾನೇ ಮುಚ್ಚುತ್ತದೆ. ಈಗ ನೋಡಿ, ಎಡಿಟರ್‌ನಲ್ಲಿ ಪಿ ಬರೆದಿರಿ, ಮುಚ್ಚುವ ಟ್ಯಾಗ್ ತಾನಾಗಿ ಬಂತು, ಒಳಗೆ ಒಂದು ಡಿವ್ ಬರೆದಿರಿ:

<ಪಿ>
    <ಡಿವ್>ಮಾತು</ಡಿವ್>
</ಪಿ>

ಎಡಿಟರ್ ಕಣ್ಣಿಗೆ ಎಲ್ಲ ಜೋಡಿಗಳೂ ಸರಿಯಾಗಿವೆ. ಬ್ರೌಸರ್ ಮಾತ್ರ ಡಿವ್ ಕಂಡ ಕೂಡಲೇ ಪಿಯನ್ನು ಮುಚ್ಚಿತು. ಕೊನೆಯ </ಪಿ> ಒಂಟಿಯಾಗಿ ಉಳಿದು ಖಾಲಿ ಪ್ಯಾರಾ ಆಯಿತು. ಪಿಗೆ ಕೊಟ್ಟ ಬಣ್ಣ ಡಿವ್‌ಗೆ ಬರಲೇ ಇಲ್ಲ. ಎಡಿಟರ್ ಟ್ಯಾಗ್‌ಗಳನ್ನು ಜೋಡಿ ಮಾಡಿಕೊಡುತ್ತದೆ ಅಷ್ಟೆ. ಯಾವುದರೊಳಗೆ ಯಾವುದು ಕೂರಬಹುದು ಎಂಬ ತಿಳಿವಳಿಕೆ ನಿಮ್ಮದೇ ಆಗಿರಬೇಕು.

ಪ್ರಶ್ನೆ: ನನಗೆ ದೃಷ್ಟಿಯಿಲ್ಲ. ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸಿ ಎಚ್‌ಟಿಎಂಎಲ್ ಬರೆಯುತ್ತೇನೆ. ಎಡಿಟರ್ ಕರ್ಸರ್‌ನ ಬಲಗಡೆ ಏನು ಸೇರಿಸಿತು ಎಂದು ನನಗೆ ಕೇಳಿಸುವುದಿಲ್ಲ. ಆಮೇಲೆ ಬಾಣದ ಕೀಲಿ ಒತ್ತಿ ಹೋಗುವಾಗ ನಾನು ಬರೆಯದ ಟ್ಯಾಗ್‌ಗಳು ಸಿಗುತ್ತವೆ.

ಉತ್ತರ: ಎಲ್ಲ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ನಿಮ್ಮದು. ಸ್ಕ್ರೀನ್ ರೀಡರ್ ನೀವು ಒತ್ತಿದ ಅಕ್ಷರವನ್ನು ಓದುತ್ತದೆ, ಕರ್ಸರ್ ಸರಿದ ಜಾಗವನ್ನು ಓದುತ್ತದೆ. ಕರ್ಸರ್ ಇದ್ದಲ್ಲೇ ಇದ್ದು, ಅದರ ಮುಂದೆ ಸದ್ದಿಲ್ಲದೆ ಏನಾದರೂ ಬಂದು ಕೂತರೆ ಓದಲು ಅದಕ್ಕೆ ಕಾರಣವೇ ಸಿಗುವುದಿಲ್ಲ. ನೋಡುವವರಿಗೆ ಕರ್ಸರ್ ಒಳಗೆ ನಿಂತಿರುವುದು ಅನುಕೂಲ. ಅದೇ ನಡವಳಿಕೆ ನಿಮಗೆ ಕತ್ತಲಲ್ಲಿ ಯಾರೋ ಸಾಮಾನು ಸರಿಸಿಟ್ಟ ಹಾಗೆ.

ನಾನು ಇತರರಿಗೆ ಆಫ್ ಮಾಡಬೇಡಿ ಎಂದೆ. ನಿಮಗೆ ಆಫ್ ಮಾಡಿ ಎಂದೇ ಹೇಳುತ್ತೇನೆ. ವಿಎಸ್ ಕೋಡ್ ಸೆಟ್ಟಿಂಗ್ಸ್‌ನಲ್ಲಿ ‘ಆಟೋ ಕ್ಲೋಸಿಂಗ್ ಟ್ಯಾಗ್ಸ್’ ಎಂದು ಹುಡುಕಿದರೆ ಎಚ್‌ಟಿಎಂಎಲ್‌ನದು ಸಿಗುತ್ತದೆ. ಪಕ್ಕದಲ್ಲೇ ‘ಆಟೋ ಕ್ರಿಯೇಟ್ ಕೋಟ್ಸ್’ ಕೂಡ ಇದೆ. ಕ್ಲಾಸ್ ಮುಂತಾದ ಗುಣದ ಹೆಸರಿನ ಮುಂದೆ = ಒತ್ತಿದಾಗ ಎರಡು ಉದ್ಧರಣ ಚಿಹ್ನೆ ತಂದು ಕರ್ಸರನ್ನು ನಡುವೆ ನಿಲ್ಲಿಸುವುದು ಅದೇ. ಬೇಡವಾದರೆ ಅದನ್ನೂ ತೆಗೆಯಿರಿ. ಆಫ್ ಮಾಡಿದ ಮೇಲೂ </ ಒತ್ತಿದಾಗ ಸಲಹೆಯ ಪಟ್ಟಿಯಲ್ಲಿ ಮುಚ್ಚಬೇಕಾದ ಟ್ಯಾಗ್ ಬರುತ್ತದೆ, ಸಲಹೆಯನ್ನು ಎನ್‌ವಿಡಿಎ ಓದುತ್ತದೆ, ನೀವು ಎಂಟರ್ ಒತ್ತಿ ಒಪ್ಪಿಕೊಳ್ಳುತ್ತೀರಿ. ನೀವು ಕೇಳದೆ ಏನೂ ಬರುವುದಿಲ್ಲ, ಬಂದದ್ದು ನಿಮ್ಮ ಕಿವಿಗೆ ಬಿದ್ದೇ ಬರುತ್ತದೆ.

ಇನ್ನೆರಡು ಸಣ್ಣ ಸಹಾಯ. ಎನ್‌ವಿಡಿಎಯ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗ್ಸ್‌ನಲ್ಲಿ ಸಾಲಿನ ಇಂಡೆಂಟ್ ತಿಳಿಸುವ ಆಯ್ಕೆ ಇದೆ. ಮಾತಿನಲ್ಲೂ ಕೇಳಬಹುದು, ಸ್ವರದಲ್ಲೂ ಕೇಳಬಹುದು. ಸ್ವರ ಆರಿಸಿಕೊಂಡರೆ ಒಂದು ಮಟ್ಟ ಒಳಗೆ ಹೋದಾಗ ಸ್ವರ ಬದಲಾಗುತ್ತದೆ, ಯಾವ ಡಿವ್‌ನೊಳಗೆ ಇದ್ದೀರಿ ಎಂಬುದು ಎಣಿಸದೆಯೇ ತಿಳಿಯುತ್ತದೆ. ಎಮ್ಮೆಟ್‌ನಲ್ಲಿ ‘ಗೋ ಟು ಮ್ಯಾಚಿಂಗ್ ಪೇರ್’ ಎಂಬ ಆಜ್ಞೆ ಇದೆ. ತೆರೆದ ಟ್ಯಾಗ್‌ನಿಂದ ಮುಚ್ಚುವ ಟ್ಯಾಗ್‌ಗೆ, ಅಲ್ಲಿಂದ ಹಿಂದಕ್ಕೆ ಕರ್ಸರ್ ಹಾರಿಸುತ್ತದೆ. ಹೋದದ್ದು ಸರಿಯಾದ ಜಾಗಕ್ಕೇ ಎಂದು ಆ ಸಾಲು ಓದಿಸಿಕೊಂಡು ಖಚಿತ ಮಾಡಿಕೊಳ್ಳಬಹುದು. ಆಲ್ಟ್ ಮತ್ತು ಎಫ್1 ಒತ್ತಿದರೆ ವಿಎಸ್ ಕೋಡ್‌ನ ಅಕ್ಸೆಸಿಬಿಲಿಟಿ ಸಹಾಯ ತೆರೆಯುತ್ತದೆ, ಅದನ್ನೂ ಒಮ್ಮೆ ಪೂರ್ತಿ ಕೇಳಿ. ಇವನ್ನು ಪ್ರಯತ್ನಿಸಿದ ಮೇಲೆ ಏನು ಸರಿಹೋಯಿತು, ಏನು ಹೋಗಲಿಲ್ಲ ಎಂದು ದಯವಿಟ್ಟು ಬರೆಯಿರಿ. ನನಗೆ ಕಾಣಿಸದ್ದು ನಿಮ್ಮ ಕಿವಿಗೆ ಸಿಕ್ಕಿರುತ್ತದೆ.

ಪ್ರಶ್ನೆ: ಟ್ಯಾಗ್‌ಗಳ ನಡುವೆ ಕನ್ನಡ ಬರೆಯುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಪೂರ್ತಿ ಅಕ್ಷರ ಹೋಗುವುದಿಲ್ಲ, ತುಂಡಾಗುತ್ತದೆ. ಭಾಷೆ ಬದಲಿಸುತ್ತಾ ಬದಲಿಸುತ್ತಾ ಸುಸ್ತಾಗುತ್ತದೆ.

ಉತ್ತರ: ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳ ಸಾಲು. ಬಾಣದ ಕೀಲಿ ಅದನ್ನು ಇಡಿಯಾಗಿ ದಾಟಿದರೂ ಬ್ಯಾಕ್‌ಸ್ಪೇಸ್ ಕೊನೆಯ ಸಂಕೇತವನ್ನು ಮಾತ್ರ ಅಳಿಸುವುದು ಸಾಮಾನ್ಯ. ಗುಣಿತದ ತಪ್ಪು ತಿದ್ದುವಾಗ ಇದರಿಂದ ಉಪಯೋಗವೂ ಇದೆ. ಇಡೀ ಪದ ಹೋಗಬೇಕಿದ್ದರೆ ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿ.

ಭಾಷೆ ಬದಲಿಸುವ ಸುಸ್ತಿಗೆ ನಾನು ಮಾಡುವುದು ಇಷ್ಟೇ: ಹಂದರ ಮೊದಲು, ಮಾತು ಆಮೇಲೆ. ಇಂಗ್ಲಿಷ್ ಕೀಲಿಯಲ್ಲಿ ಇದ್ದಾಗಲೇ ಎಮ್ಮೆಟ್ ಸಂಕ್ಷೇಪ ಬಳಸಿ ಇಡೀ ಪಟ್ಟಿ ಹುಟ್ಟಿಸಿಕೊಳ್ಳಿ. ಝೆನ್ ಕೋಡಿಂಗ್ ಎಂಬ ಹೆಸರಿನಲ್ಲಿ ಶುರುವಾದ ಈ ಸಾಧನ ಈಗ ವಿಎಸ್ ಕೋಡ್‌ನೊಳಗೇ ಇದೆ. ಯುಎಲ್>ಎಲ್ಐ*5 ಎಂದು ಬರೆದು ಟ್ಯಾಬ್ ಒತ್ತಿದರೆ ಐದು ಖಾಲಿ ಅಂಶಗಳ ಪಟ್ಟಿ ಬಂದು ಕರ್ಸರ್ ಮೊದಲ ಅಂಶದೊಳಗೆ ನಿಲ್ಲುತ್ತದೆ. ಈಗ ಒಂದೇ ಸಲ ಕನ್ನಡಕ್ಕೆ ಬದಲಿಸಿ. ಮೊದಲನೆಯದು ಬರೆದು ಟ್ಯಾಬ್, ಎರಡನೆಯದು ಬರೆದು ಟ್ಯಾಬ್. ಐದೂ ಮುಗಿಯುವ ತನಕ ಇಂಗ್ಲಿಷ್ ಕೀಲಿಯ ಅಗತ್ಯ ಬೀಳುವುದಿಲ್ಲ. ನಡುವೆ ಎಸ್ಕೇಪ್ ಒತ್ತಿದರೆ ಅಥವಾ ಮೌಸ್‌ನಿಂದ ಬೇರೆಡೆ ಕ್ಲಿಕ್ ಮಾಡಿದರೆ ಈ ಸರಣಿ ಕಡಿದುಹೋಗುತ್ತದೆ, ಅಷ್ಟು ಜೋಪಾನ.

ಪ್ರಶ್ನೆ: ನಾನು ಮಕ್ಕಳಿಗೆ ಎಚ್‌ಟಿಎಂಎಲ್ ಹೇಳಿಕೊಡುತ್ತೇನೆ. ಎಡಿಟರ್ ಎಲ್ಲವನ್ನೂ ತಾನೇ ಮುಚ್ಚುತ್ತಿದ್ದರೆ ಅವರು ಕಲಿಯುವುದು ಹೇಗೆ? ಮೊದಲಿಂದಲೇ ಆಫ್ ಮಾಡಿಸಲೇ?

ಉತ್ತರ: ಮೊದಲ ಎರಡು ವಾರ ಆಫ್ ಮಾಡಿಸಿ, ಆಮೇಲೆ ಖಂಡಿತ ಆನ್ ಮಾಡಿಸಿ. ತರಗತಿಯ ಫೋಲ್ಡರ್‌ಗೆ ಮಾತ್ರ ಅನ್ವಯಿಸುವಂತೆ ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಅವರ ಬೇರೆ ಕೆಲಸಕ್ಕೆ ತೊಂದರೆಯಾಗದು. ಆ ಎರಡು ವಾರದಲ್ಲಿ ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ ಬರೆಸಿ. ಮೂರನೇ ಮಟ್ಟದಿಂದ ಹೊರಬರುವಾಗ ಯಾವುದನ್ನು ಮೊದಲು ಮುಚ್ಚಬೇಕು ಎಂದು ಅವರೇ ಬೆರಳು ಮಡಚಿ ಲೆಕ್ಕ ಹಾಕಲಿ.

ಆಮೇಲೆ ನಡುವಿನ ಒಂದು ಮುಚ್ಚುವ ಟ್ಯಾಗ್ ಅನ್ನು ಬೇಕೆಂದೇ ಅಳಿಸಿಸಿ, ಪುಟವನ್ನು ಬ್ರೌಸರ್‌ನಲ್ಲಿ ತೆರೆಸಿ. ವ್ಯೂ ಸೋರ್ಸ್‌ನಲ್ಲಿ ಕಾಣುವುದು ಮಕ್ಕಳು ಬರೆದದ್ದು. ಎಫ್12 ಒತ್ತಿ ಎಲಿಮೆಂಟ್ಸ್ ಫಲಕ ತೆರೆದರೆ, ಅಥವಾ ಫೈರ್‌ಫಾಕ್ಸ್‌ನಲ್ಲಿ ಇನ್‌ಸ್ಪೆಕ್ಟರ್ ತೆರೆದರೆ, ಕಾಣುವುದು ಬ್ರೌಸರ್ ಕಟ್ಟಿಕೊಂಡದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು, ಬ್ರೌಸರ್ ಎಲ್ಲಿ ತಾನಾಗಿ ಮುಚ್ಚಿದೆ ಎಂದು ಹುಡುಕಲು ಹೇಳಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಈ ಎರಡು ಕಿಟಕಿಗಳನ್ನು ನೋಡಿ, ‘ಇದು ನಾನು ಬರೆದದ್ದಲ್ಲ, ಆದರೂ ನನ್ನದೇ’ ಎಂದಳು. ಮಾರನೆಯ ದಿನವೇ ಅವಳಿಗೆ ತಾನಾಗಿ ಮುಚ್ಚುವ ಸೌಲಭ್ಯವನ್ನು ಆನ್ ಮಾಡಿಕೊಟ್ಟೆ.